ದ್ವೇಷದಿಂದ ಒಲೆ ಉರಿಯುವುದಿಲ್ಲ

2025ರ ಸೆಪ್ಟೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಏಷ್ಯಾ ಕಪ್ ಕ್ರಿಕೆಟ್ ನಡೆದಾಗ ಆಟಕ್ಕಿಂತ ಹೆಚ್ಚು ಚರ್ಚೆಯಾದದ್ದು ಕೈಕುಲುಕುವಿಕೆ. ಭಾರತದ ಆಟಗಾರರು ಪಾಕಿಸ್ತಾನದ ಆಟಗಾರರ ಕೈ ಕುಲುಕಲಿಲ್ಲ. ಫೈನಲ್ ಗೆದ್ದ ಬಳಿಕ ಕಪ್ಪನ್ನು ಯಾರ ಕೈಯಿಂದ ಪಡೆಯಬೇಕೆಂಬುದೂ ವಿವಾದವಾಯಿತು. ಟಿ.ವಿ. ವಾಹಿನಿಗಳು ಅದನ್ನೇ ದೇಶಭಕ್ತಿಯ ಅಳತೆಗೋಲಾಗಿಸಿದುವು. ಇದೇ ದುಬೈ ಕ್ರೀಡಾಂಗಣದಲ್ಲಿ ಮೂರು ವರ್ಷಗಳ ಹಿಂದೆ ಇನ್ನೊಂದು ಏಷ್ಯಾ ಕಪ್ ಫೈನಲ್ ನಡೆದಿತ್ತು. ಅಂದು ಗೆದ್ದದ್ದು ಶ್ರೀಲಂಕಾ. ಆ ತಂಡದ ಹಿಂದೆ ಇದ್ದದ್ದು ಪೆಟ್ರೋಲಿಲ್ಲದ, ಅಡುಗೆ ಅನಿಲವಿಲ್ಲದ, ಅಧ್ಯಕ್ಷನೇ ಓಡಿಹೋಗಿದ್ದ ಒಂದು ದೇಶ. ಕ್ರೀಡೆ ಮತ್ತು ರಾಜಕೀಯದ ನಡುವಿನ ಸಂಬಂಧವನ್ನು ನಿಜವಾಗಿ ಅರಿಯಬಯಸುವವರು ನೋಡಬೇಕಾದುದು ಕೈಕುಲುಕದ ಆ ದೃಶ್ಯವನ್ನಲ್ಲ. ಶ್ರೀಲಂಕಾದ 2022ನೇ ವರ್ಷವನ್ನು. ಆ ವರ್ಷದಲ್ಲಿ ಪ್ರಜೆಗಳಿಗೂ ಆಡಳಿತಗಾರರಿಗೂ ಪಾಠವಿದೆ. ಅಲ್ಪಸಂಖ್ಯಾತರಿಗಂತೂ ಒಂದಕ್ಕಿಂತ ಹೆಚ್ಚು ಪಾಠಗಳಿವೆ.

ಆ ವರ್ಷದ ಮಾರ್ಚ್ ತಿಂಗಳಲ್ಲಿ ಶ್ರೀಲಂಕಾ ತಂಡ ನಮ್ಮ ಬೆಂಗಳೂರಿನಲ್ಲಿತ್ತು. ಚಿನ್ನಸ್ವಾಮಿ ಕ್ರೀಡಾಂಗಣದ ಹೊನಲು ಬೆಳಕಿನಲ್ಲಿ ನಡೆದ ಆ ಟೆಸ್ಟ್ ಪಂದ್ಯವನ್ನು ಭಾರತ ಮೂರೇ ದಿನಗಳಲ್ಲಿ 238 ರನ್ನುಗಳಿಂದ ಗೆದ್ದಿತು. ಸೋಲಿನ ನಡುವೆಯೂ ನಾಯಕ ದಿಮುತ್ ಕರುಣಾರತ್ನೆ ಶತಕ ಬಾರಿಸಿದರು. ನಮ್ಮ ಪತ್ರಿಕೆಗಳ ಕ್ರೀಡಾ ಪುಟ ಇಷ್ಟನ್ನು ಬರೆದು ಮುಗಿಸಿತು. ಆದರೆ ಅದೇ ವಾರ ಆ ಆಟಗಾರರ ಊರುಗಳಲ್ಲಿ ಏನಾಗುತ್ತಿತ್ತು? ಶ್ರೀಲಂಕಾದ ರೂಪಾಯಿಯನ್ನು ಮಾರುಕಟ್ಟೆಯ ಕೈಗೆ ಬಿಡಲಾಗಿತ್ತು. ಡಾಲರೊಂದಕ್ಕೆ 200ರ ಆಸುಪಾಸಿನಲ್ಲಿದ್ದ ಅದರ ಬೆಲೆ ಮೇ ತಿಂಗಳ ಹೊತ್ತಿಗೆ 360ಕ್ಕೆ ಕುಸಿಯಿತು. ಸೀಮೆಎಣ್ಣೆಗಾಗಿ, ಪೆಟ್ರೋಲಿಗಾಗಿ ಸರತಿ ಸಾಲಿನಲ್ಲಿ ನಿಂತಿದ್ದ ವೃದ್ಧರು ಅಲ್ಲೇ ಕುಸಿದು ಬಿದ್ದು ಪ್ರಾಣ ಬಿಟ್ಟರು. ಬಂಕ್‌ಗಳ ಕಾವಲಿಗೆ ಸೈನಿಕರು ಬಂದರು. ಮುದ್ರಿಸಲು ಕಾಗದವಿಲ್ಲವೆಂದು ಪಶ್ಚಿಮ ಪ್ರಾಂತ್ಯದಲ್ಲಿ ಶಾಲಾ ಪರೀಕ್ಷೆಗಳು ಮುಂದೂಡಲ್ಪಟ್ಟವು. ತಿಂಗಳ ಕೊನೆಗೆ ದಿನಕ್ಕೆ 13 ಗಂಟೆ ವಿದ್ಯುತ್ ಕಡಿತ. ಪರೀಕ್ಷೆ ನಡೆಸಲು ಕಾಗದವಿಲ್ಲದಂಥ ಸ್ಥಿತಿಗೆ ಒಂದು ದೇಶ ರಾತ್ರಿ ಬೆಳಗಾಗುವುದರೊಳಗೆ ತಲುಪುವುದಿಲ್ಲ. ಅಲ್ಲಿಗೆ ಅದನ್ನು ಕೈಹಿಡಿದು ನಡೆಸಿದವರಿರುತ್ತಾರೆ.

1948ರ ಫೆಬ್ರವರಿ 4ರಂದು ಬ್ರಿಟಿಷರು ಆ ದ್ವೀಪವನ್ನು ಬಿಟ್ಟು ಹೋದಾಗ ಚಹಾ ತೋಟಗಳೂ ಉಳಿದುವು, ಕ್ರಿಕೆಟ್ಟೂ ಉಳಿಯಿತು. ತೋಟದಲ್ಲಿ ದುಡಿಯಲೆಂದು ತಮಿಳುನಾಡಿನಿಂದ ಕರೆದೊಯ್ದ ಲಕ್ಷಾಂತರ ಕೂಲಿಕಾರರೂ ಉಳಿದರು. ಸ್ವತಂತ್ರ ದೇಶ ಮೊದಲ ವರ್ಷದಲ್ಲೇ ಮಾಡಿದ ಕೆಲಸವೆಂದರೆ ಆ ಕೂಲಿಕಾರರ ಪೌರತ್ವವನ್ನು ಕಿತ್ತುಕೊಂಡದ್ದು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾಯಿತು. 1983ರ ಜುಲೈಯಲ್ಲಿ ತಮಿಳರ ಹತ್ಯಾಕಾಂಡ ನಡೆಯಿತು. ಬಳಿಕ 2009ರ ವರೆಗೂ ಯುದ್ಧ. ಯುದ್ಧ ಮುಗಿದ ಮೇಲೆ ಶತ್ರುವಿನ ಸ್ಥಾನ ಖಾಲಿಯಾಯಿತು. ಆ ಸ್ಥಾನಕ್ಕೆ ಮುಸ್ಲಿಮರನ್ನು ತಂದು ಕೂರಿಸಲಾಯಿತು. 2014ರಲ್ಲಿ ಅಲುತ್‌ಗಮ, 2018ರಲ್ಲಿ ದಿಗಣ. ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳು ಉರಿದುವು. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರದಂದು ಇಸ್ಲಾಮಿನ ಹೆಸರು ಹೇಳಿಕೊಂಡ ಒಂದು ಗುಂಪು ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಬಾಂಬಿಟ್ಟು 260ಕ್ಕಿಂತ ಹೆಚ್ಚು ಅಮಾಯಕರನ್ನು ಕೊಂದಿತು. ಪ್ರಾರ್ಥನೆಗೆ ಬಂದ ತಾಯಂದಿರನ್ನೂ ಮಕ್ಕಳನ್ನೂ ಕೊಂದ ಆ ಕೃತ್ಯಕ್ಕೆ ಧರ್ಮದಲ್ಲಿ ಯಾವ ಸಮರ್ಥನೆಯೂ ಇಲ್ಲ. ಅದನ್ನು ಖಂಡಿಸಲು ಮುಸ್ಲಿಮರು ಇನ್ನೊಬ್ಬರ ಒತ್ತಾಯಕ್ಕೆ ಕಾಯಬೇಕಾಗಿಯೂ ಇಲ್ಲ. ಆದರೆ ಕೆಲವರ ಅಪರಾಧಕ್ಕೆ ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಭದ್ರತೆಯ ಭರವಸೆಯೊಂದಿಗೆ ಗೊಟಬಯ ರಾಜಪಕ್ಸ ಶೇ. 52ಕ್ಕಿಂತ ಅಧಿಕ ಮತಗಳಿಂದ ಅಧ್ಯಕ್ಷರಾದರು. ಸಿಂಹಳೀಯರ ಮತಗಳಿಂದಲೇ ತಾನು ಗೆಲ್ಲಬಲ್ಲೆ ಎಂದು ತನಗೆ ಗೊತ್ತಿತ್ತು ಎಂಬರ್ಥದ ಮಾತನ್ನು ಅವರು ಪ್ರಮಾಣ ವಚನದ ದಿನವೇ ಆಡಿದರು.

ಇಷ್ಟಕ್ಕೂ ಅವರು ಕೊಟ್ಟ ಭದ್ರತೆ ಯಾವುದು? ಅಧಿಕಾರಕ್ಕೆ ಬಂದ ಬೆನ್ನಿಗೇ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ ಶೇ. 8ಕ್ಕೆ ಇಳಿಸಿದರು. ಬೊಕ್ಕಸ ಬರಿದಾಯಿತು. ಕೋವಿಡ್ ಬಂದು ಪ್ರವಾಸೋದ್ಯಮ ಮಲಗಿತು. 2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದರು. ಸಾವಯವ ಕೃಷಿ ಕೆಟ್ಟದ್ದೆಂದು ಯಾರೂ ಹೇಳಲಾರರು. ಆದರೆ ರೈತನಿಗೆ ಸಿದ್ಧತೆಗೂ ಅವಕಾಶ ಕೊಡದೆ ಹೊರಡಿಸಿದ ಆಜ್ಞೆಯದು. ಭತ್ತದ ಇಳುವರಿ ಕುಸಿಯಿತು, ಚಹಾ ಕುಸಿಯಿತು. ನವೆಂಬರಿನಲ್ಲಿ ಸರಕಾರ ಹಿಂದೆ ಸರಿಯುವಷ್ಟರಲ್ಲಿ ಹಾನಿ ಆಗಿಹೋಗಿತ್ತು. ಈ ನಿರ್ಧಾರಗಳನ್ನು ಪ್ರಶ್ನಿಸುವವರು ಸಂಪುಟದಲ್ಲಿ ಇರಲಿಲ್ಲವೇ? ಇರುವುದಾದರೂ ಹೇಗೆ? ಗೊಟಬಯ ಅಧ್ಯಕ್ಷರು, ಅಣ್ಣ ಮಹಿಂದ ಪ್ರಧಾನಿ, ತಮ್ಮ ಬಾಸಿಲ್ ಹಣಕಾಸು ಸಚಿವ, ಹಿರಿಯಣ್ಣ ಚಮಲ್ ನೀರಾವರಿ ಸಚಿವ, ಮಹಿಂದರ ಮಗ ನಮಲ್ ಕ್ರೀಡಾ ಸಚಿವ. ಸಂಪುಟ ಸಭೆಗೂ ಕುಟುಂಬದ ಊಟಕ್ಕೂ ವ್ಯತ್ಯಾಸವಿಲ್ಲದಂತಾಗಿತ್ತು.

ಈ ವೈಫಲ್ಯಗಳೆಲ್ಲ ಒಂದರ ಮೇಲೊಂದು ಬೀಳುತ್ತಿದ್ದಾಗ ಸರಕಾರ ಏನು ಮಾಡುತ್ತಿತ್ತು? ಅದು ಮುಸ್ಲಿಮರ ಮೃತದೇಹಗಳನ್ನು ಸುಡುತ್ತಿತ್ತು. ಕೋವಿಡ್‌ನಿಂದ ಸತ್ತವರನ್ನು ದಫನ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತ್ತು. ಆದರೂ 2020ರ ಮಾರ್ಚ್ ಕೊನೆಯಿಂದ ಸುಮಾರು 11 ತಿಂಗಳ ಕಾಲ ಶ್ರೀಲಂಕಾದಲ್ಲಿ ದಹನ ಕಡ್ಡಾಯವಾಯಿತು. ನ್ಯಾಯ ಬೇಡಿ ಸುಪ್ರೀಂ ಕೋರ್ಟಿಗೆ ಹೋದವರ ಅರ್ಜಿಗಳು ಕಾರಣವನ್ನೂ ಹೇಳದೆ ವಜಾಗೊಂಡವು. ಡಿಸೆಂಬರಿನಲ್ಲಿ 20 ದಿನದ ಒಂದು ಹಸುಗೂಸನ್ನು ತಂದೆತಾಯಿಯ ಒಪ್ಪಿಗೆಯಿಲ್ಲದೆ ಸುಡಲಾಯಿತು. ಅಂದು ಕೊಲಂಬೋದ ಸ್ಮಶಾನದ ಗೇಟಿಗೆ ಕಫನಿನ ಗುರುತಾಗಿ ಬಿಳಿ ಬಟ್ಟೆಯ ಪಟ್ಟಿಗಳನ್ನು ಕಟ್ಟಿ ಪ್ರತಿಭಟಿಸಿದವರಲ್ಲಿ ಬೌದ್ಧರೂ ಕ್ರೈಸ್ತರೂ ಇದ್ದರು ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅವರ ಸಂಖ್ಯೆ ಸಣ್ಣದು. ಬಹುಸಂಖ್ಯಾತ ಸಮಾಜ ಮೌನವಾಗಿತ್ತು. 2021ರ ಫೆಬ್ರವರಿಯಲ್ಲಿ, ಒಂದು ಕಾಲದ ಕ್ರಿಕೆಟಿಗ ಹಾಗೂ ಆಗಿನ ಪಾಕಿಸ್ತಾನ ಪ್ರಧಾನಿ ಇಮ್ರಾನ್ ಖಾನ್ ಕೊಲಂಬೋಗೆ ಬಂದು ಹೋದ ಬೆನ್ನಿಗೆ ದಫನಕ್ಕೆ ಅನುಮತಿ ಸಿಕ್ಕಿತು. ಆ ನಂತರವೂ ಅದೇ ವರ್ಷದ ಅಕ್ಟೋಬರಿನಲ್ಲಿ, ಮುಸ್ಲಿಮ್ ವಿರೋಧಿ ಭಾಷಣಗಳಿಗೆ ಹೆಸರಾದ ಭಿಕ್ಷು ಜ್ಞಾನಸಾರರನ್ನು ಒಂದೇ ದೇಶ ಒಂದೇ ಕಾನೂನು ಎಂಬ ಕಾರ್ಯಪಡೆಯ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಡಾಲರ್ ಖಾಲಿಯಾಗುತ್ತಿದ್ದ ದೇಶದ ಅಧ್ಯಕ್ಷರಿಗೆ ಅದೇ ತುರ್ತಿನ ಕೆಲಸವಾಗಿ ಕಂಡಿತು!

ಆದರೆ ದ್ವೇಷದಿಂದ ಒಲೆ ಉರಿಯುವುದಿಲ್ಲ. ಮುಸ್ಲಿಮನ ಅಂಗಡಿಗೆ ಹೋಗಬೇಡಿ ಎಂದು ಹೇಳಿಸಿಕೊಂಡ ಸಿಂಹಳ ಗೃಹಿಣಿ 2022ರಲ್ಲಿ ಗ್ಯಾಸ್ ಸಿಲಿಂಡರಿಗಾಗಿ ಅದೇ ಮುಸ್ಲಿಮ್ ಮಹಿಳೆಯ ಹಿಂದೆ ಸಾಲಿನಲ್ಲಿ ನಿಂತಳು. ಮಾರ್ಚ್ 31ರ ರಾತ್ರಿ ಮಿರಿಹಾನದಲ್ಲಿ ಅಧ್ಯಕ್ಷರ ಖಾಸಗಿ ಮನೆಯ ಮುಂದೆ ಜನ ಸೇರಿದರು. ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಏಪ್ರಿಲ್ 9ರಿಂದ ಕೊಲಂಬೋದ ಗಾಲೆ ಫೇಸ್ ಕಡಲ ತೀರದಲ್ಲಿ ಯುವಕರು ಡೇರೆ ಹಾಕಿ ಕುಳಿತರು. ಗೋಟಾ ತೊಲಗು ಎಂಬುದೇ ಆ ಡೇರೆಗಳ ಊರಿನ ಹೆಸರಾಯಿತು. ಏಪ್ರಿಲ್ 12ರಂದು, ಸುಮಾರು 51 ಬಿಲಿಯ ಡಾಲರಿನ ವಿದೇಶಿ ಸಾಲವನ್ನು ಸದ್ಯ ತೀರಿಸಲಾರೆವೆಂದು ಸರಕಾರ ಒಪ್ಪಿಕೊಂಡಿತು. ಅದು ರಮಝಾನ್ ತಿಂಗಳಾಗಿತ್ತು. ಗಾಲೆ ಫೇಸ್‌ನಲ್ಲಿ ಮುಸ್ಲಿಮರು ಇಫ್ತಾರ್ ಮಾಡಿದಾಗ ಸಿಂಹಳೀಯರು, ತಮಿಳರು, ಭಿಕ್ಷುಗಳು, ಪಾದ್ರಿಗಳು ಜೊತೆಗೆ ಕುಳಿತರು. ಅಲ್ಲೇ ಸಿಂಹಳ-ತಮಿಳು ಹೊಸ ವರ್ಷದ ಆಚರಣೆಯೂ ನಡೆಯಿತು. ಮೇ 18ರಂದು, ಯುದ್ಧದ ಕೊನೆಯಲ್ಲಿ ಮುಳ್ಳಿವಾಯ್ಕಾಲಿನಲ್ಲಿ ಮಡಿದ ತಮಿಳರನ್ನು ಅದೇ ಬಯಲಿನಲ್ಲಿ ಗಂಜಿ ಹಂಚಿ ಸ್ಮರಿಸಲಾಯಿತು. ಕೊಲಂಬೋದ ಹೃದಯಭಾಗದಲ್ಲಿ ಅದಕ್ಕಿಂತ ಮುಂಚೆ ಇಂಥದ್ದನ್ನು ಊಹಿಸಲೂ ಸಾಧ್ಯವಿರಲಿಲ್ಲ.

ಇಂಥ ವರ್ಷದಲ್ಲಿ ಕ್ರೀಡಾಪಟುಗಳು ಎಲ್ಲಿದ್ದರು? ನಮ್ಮ ದೇಶದಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಸುಲಭ. ಜಾಹೀರಾತಿನಲ್ಲಿ ಅಥವಾ ಮಂತ್ರಿಗಳ ಜೊತೆಗಿನ ಫೋಟೋದಲ್ಲಿ. ಶ್ರೀಲಂಕಾದಲ್ಲಿ ಹಾಗಾಗಲಿಲ್ಲ. 1996ರ ವಿಶ್ವಕಪ್ ಗೆದ್ದ ತಂಡದ ರೋಷನ್ ಮಹಾನಾಮ ಪೆಟ್ರೋಲ್ ಸಾಲಿನಲ್ಲಿ ನಿಂತವರಿಗೆ ತಮ್ಮ ಕೈಯಾರೆ ಚಹಾ ಮತ್ತು ಬನ್ ಹಂಚಿದರು. ಅದೇ ತಂಡದ ಸನತ್ ಜಯಸೂರ್ಯ ಜುಲೈ 9ರ ಪ್ರತಿಭಟನೆಯಲ್ಲಿ ಬೀದಿಗಿಳಿದರು. ಕುಮಾರ ಸಂಗಕ್ಕಾರ, ಮಹೇಲ ಜಯವರ್ಧನೆ ಬಹಿರಂಗವಾಗಿ ಜನರ ಪರ ಮಾತಾಡಿದರು. ತಂಡದಲ್ಲಿ ಆಡುತ್ತಿದ್ದ ಚಮಿಕ ಕರುಣಾರತ್ನೆ, ಅಭ್ಯಾಸಕ್ಕೆ ಹೋಗಲು ಬೇಕಾದ ಪೆಟ್ರೋಲಿಗಾಗಿ ಎರಡು ದಿನ ಸಾಲಿನಲ್ಲಿ ನಿಂತೆನೆಂದು ವರದಿಗಾರರಲ್ಲಿ ಹೇಳಿದರು. ದೇಶದ ತಾರೆಗೂ ದೇಶದ ಕೂಲಿಗೂ ಒಂದೇ ಸಾಲು!

ಹಾಗಂತ ಆಗ ಒಂದು ಕಠಿಣ ಪ್ರಶ್ನೆಯೂ ಎದ್ದಿತ್ತು. ಮನೆಗಳಲ್ಲಿ ದೀಪವಿಲ್ಲದಾಗ ಕ್ರೀಡಾಂಗಣದಲ್ಲಿ ಹೊನಲು ಬೆಳಕೇ? ಜೂನಿನಲ್ಲಿ ಆಸ್ಟ್ರೇಲಿಯಾ ತಂಡ ಬಂದಾಗ ಈ ಪ್ರಶ್ನೆಯನ್ನು ಕೇಳಿದವರು ತಪ್ಪು ಮಾಡಲಿಲ್ಲ. ಹಸಿವನ್ನು ಮರೆಸಲು ಆಟವನ್ನು ಬಳಸಿದ ಆಡಳಿತಗಾರರ ಉದಾಹರಣೆಗಳು ಚರಿತ್ರೆಯಲ್ಲಿ ಧಾರಾಳ ಇವೆ. ಆದರೆ ಶ್ರೀಲಂಕಾದ ಪ್ರೇಕ್ಷಕರು ಆ ಪಂದ್ಯಗಳಿಂದ ಏನನ್ನೂ ಮರೆಯಲಿಲ್ಲ. ಏಕದಿನ ಸರಣಿಯನ್ನು ಅವರ ತಂಡ 3-2ರಿಂದ ಗೆದ್ದಿತು. ತವರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅಂಥ ಗೆಲುವು ಬಂದದ್ದು 30 ವರ್ಷಗಳ ಬಳಿಕ. ಕೊಲಂಬೋದ ಕೊನೆಯ ಪಂದ್ಯದಂದು ಪ್ರೇಕ್ಷಕರು ಆಸ್ಟ್ರೇಲಿಯಾದ ಹಳದಿ ಬಣ್ಣದ ಅಂಗಿ ತೊಟ್ಟು ಬಂದು ಎದುರಾಳಿಗೆ ಧನ್ಯವಾದ ಹೇಳಿದರು. ನಮ್ಮ ಕಷ್ಟ ಕಾಲದಲ್ಲಿ ನೀವು ಬಂದಿರಿ ಎಂಬುದೇ ಅದರ ಅರ್ಥ. ಆಸ್ಟ್ರೇಲಿಯಾದ ಆಟಗಾರರು ಆ ಪ್ರವಾಸದಲ್ಲಿ ಸಿಕ್ಕಿದ ಬಹುಮಾನದ ಹಣವನ್ನು ಯುನಿಸೆಫ್ ಮೂಲಕ ಶ್ರೀಲಂಕಾದ ಮಕ್ಕಳಿಗೆ ಕೊಟ್ಟರು.

ಜುಲೈ 9ರಂದು ಗಾಲೆ ನಗರದಲ್ಲಿ ಎರಡನೇ ಟೆಸ್ಟಿನ ಎರಡನೇ ದಿನದಾಟ. ಕ್ರೀಡಾಂಗಣದ ಪಕ್ಕದಲ್ಲೇ ವಸಾಹತು ಕಾಲದ ಕೋಟೆ. ಅದರ ಗೋಡೆಯ ಮೇಲೆ ಪ್ರತಿಭಟನಾಕಾರರು ತುಂಬಿಕೊಂಡರು. ಅವರ ಘೋಷಣೆ ಪಿಚ್‌ವರೆಗೂ ಕೇಳಿಸುತ್ತಿತ್ತು. ಅವರು ಆಟವನ್ನು ಕೆಡಿಸಲಿಲ್ಲ, ಆಟಗಾರರು ಆಟವನ್ನು ನಿಲ್ಲಿಸಲಿಲ್ಲ. ದಿನೇಶ್ ಚಾಂಡಿಮಲ್ ಅಜೇಯ 206 ರನ್ ಗಳಿಸಿದ, ಮೊದಲ ಟೆಸ್ಟ್ ಆಡಿದ ಪ್ರಭಾತ್ ಜಯಸೂರ್ಯ 12 ವಿಕೆಟ್ ಪಡೆದ ಆ ಪಂದ್ಯವನ್ನು ಶ್ರೀಲಂಕಾ ಇನ್ನಿಂಗ್ಸ್ ಅಂತರದಿಂದ ಗೆದ್ದಿತು. ಅದೇ ಜುಲೈ 9ರಂದು ಕೊಲಂಬೋದಲ್ಲಿ ಜನಸಾಗರ ಅಧ್ಯಕ್ಷರ ಭವನಕ್ಕೆ ನುಗ್ಗಿತು. ಜುಲೈ 13ರಂದು ಗೊಟಬಯ ಸೇನಾ ವಿಮಾನದಲ್ಲಿ ಮಾಲ್ದೀವ್ಸಿಗೆ, ಅಲ್ಲಿಂದ ಸಿಂಗಾಪುರಕ್ಕೆ ಓಡಿದರು. ಮರುದಿನ ರಾಜೀನಾಮೆ ಕಳುಹಿಸಿದರು. ಭದ್ರತೆಯ ಭರವಸೆ ಕೊಟ್ಟು ಗೆದ್ದವರಿಗೆ ತನ್ನ ದೇಶದಲ್ಲೇ ಭದ್ರತೆ ಇಲ್ಲದಾಯಿತು.

ಅಂದಹಾಗೆ, ಆ ವರ್ಷದ ಏಷ್ಯಾ ಕಪ್ ನಡೆಯಬೇಕಿದ್ದುದು ಶ್ರೀಲಂಕಾದಲ್ಲೇ. ದೇಶದ ಸ್ಥಿತಿಯಿಂದಾಗಿ ಅದು ಯು.ಎ.ಇ.ಗೆ ಹೋಯಿತು. ಮೊದಲ ಪಂದ್ಯದಲ್ಲೇ ಅಫ್ಘಾನಿಸ್ತಾನದ ವಿರುದ್ಧ 105ಕ್ಕೆ ಆಲೌಟಾದ ತಂಡ ಬಳಿಕ ಭಾರತವನ್ನೂ ಸೋಲಿಸಿ ಫೈನಲಿಗೆ ಬಂದಿತು. ಸೆಪ್ಟೆಂಬರ್ 11ರಂದು 58ಕ್ಕೆ 5 ವಿಕೆಟ್ ಕಳೆದುಕೊಂಡ ತಂಡವನ್ನು ಭಾನುಕ ರಾಜಪಕ್ಸ ಅಜೇಯ 71 ರನ್ನಿನಿಂದ 170ಕ್ಕೆ ತಲುಪಿಸಿದರು. ಪಾಕಿಸ್ತಾನ 23 ರನ್ನುಗಳಿಂದ ಸೋತಿತು. ದೇಶ ಅಂದು ಹೆಗಲ ಮೇಲೆ ಹೊತ್ತು ಕುಣಿದದ್ದು ಅಧಿಕಾರದ ರಾಜಪಕ್ಸರನ್ನಲ್ಲ, ಬ್ಯಾಟು ಹಿಡಿದ ರಾಜಪಕ್ಸರನ್ನು. ಅದೇ ದಿನ ಸಿಂಗಾಪುರದಲ್ಲಿ ಶ್ರೀಲಂಕಾದ ಹೆಣ್ಣುಮಕ್ಕಳು ಏಷ್ಯಾ ನೆಟ್‌ಬಾಲ್ ಕಿರೀಟ ಗೆದ್ದರು. ಅದಕ್ಕೂ ಮುನ್ನ ಜುಲೈಯಲ್ಲಿ ಯುಪುನ್ ಅಬೆಕೋನ್ 100 ಮೀಟರನ್ನು 9.96 ಸೆಕೆಂಡಿನಲ್ಲಿ ಓಡಿ, ಹತ್ತು ಸೆಕೆಂಡಿನೊಳಗೆ ಓಡಿದ ದಕ್ಷಿಣ ಏಷ್ಯಾದ ಮೊದಲಿಗರಾದರು. ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು.

ಆದರೆ ಇದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೊಂದೂ ನಡೆಯಿತು. ಶ್ರೀಲಂಕಾ ತಂಡದ ಹತ್ತರಷ್ಟು ಮಂದಿ ಕ್ರೀಡಾಗ್ರಾಮದಿಂದ ಕಾಣೆಯಾದರು. ಬ್ರಿಟನಿನಲ್ಲೇ ಉಳಿದು ದುಡಿಯಲು ಅವರು ನಾಪತ್ತೆಯಾಗಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ಪದಕ ಗೆದ್ದವರ ಚಿತ್ರ ಮುದ್ರಿಸಿದ ಪತ್ರಿಕೆಗಳಿಗೆ ಇದು ಮುಜುಗರದ ಸುದ್ದಿ. ನಮಗೆ ಇದು ಅಷ್ಟೇ ಮುಖ್ಯವಾದ ಸುದ್ದಿ. ಏಷ್ಯಾ ಕಪ್ ಗೆದ್ದ ಸೆಪ್ಟೆಂಬರಿನಲ್ಲೇ ಶ್ರೀಲಂಕಾದ ಹಣದುಬ್ಬರ ಶೇ. 70ರ ಹತ್ತಿರವಿತ್ತು. ಕಪ್ಪು ಬಂದ ಮಾತ್ರಕ್ಕೆ ಅಕ್ಕಿಯ ಬೆಲೆ ಇಳಿಯಲಿಲ್ಲ. ಮರುವರ್ಷ ಇದೇ ಏಷ್ಯಾ ಕಪ್ ಫೈನಲಿನಲ್ಲಿ ಇದೇ ತಂಡ ಕೊಲಂಬೋದಲ್ಲಿ ಭಾರತದೆದುರು 50ಕ್ಕೆ ಆಲೌಟಾಯಿತು. 2023ರ ನವೆಂಬರಿನಲ್ಲಿ, ಮಂಡಳಿಯಲ್ಲಿ ಸರಕಾರದ ಹಸ್ತಕ್ಷೇಪದ ಕಾರಣಕ್ಕೆ ಶ್ರೀಲಂಕಾ ಕ್ರಿಕೆಟ್ ಐಸಿಸಿಯಿಂದ ಅಮಾನತಾಯಿತು. ಮುಂದಿನ ಜನವರಿಯವರೆಗೆ ಆ ಅಮಾನತು ಉಳಿಯಿತು. ಆಟದ ಗೆಲುವು ಜನರಿಗೆ ಒಂದು ಸಂಜೆಯ ಸಮಾಧಾನ ಕೊಡಬಲ್ಲುದು. ಕೆಟ್ಟ ಆಡಳಿತವನ್ನು ಸರಿಪಡಿಸುವ ಶಕ್ತಿ ಅದಕ್ಕಿಲ್ಲ.

ಬೀದಿಯ ಒಗ್ಗಟ್ಟಿನ ಬಗ್ಗೆಯೂ ನಾವು ಇದೇ ಪ್ರಾಮಾಣಿಕತೆಯಿಂದ ಮಾತಾಡಬೇಕಾಗಿದೆ. ಗಾಲೆ ಫೇಸ್‌ನ ಇಫ್ತಾರ್ ಸುಂದರವಾಗಿತ್ತು. ಆದರೆ ಉತ್ತರದ ತಮಿಳರಲ್ಲಿ ಬಹಳಷ್ಟು ಮಂದಿ ಆ ಹೋರಾಟವನ್ನು ದೂರದಿಂದಲೇ ನೋಡಿದರು. ಕರೆಂಟಿಲ್ಲದ ರಾತ್ರಿಗಳು, ಅನ್ನದ ಸಾಲುಗಳು ಯುದ್ಧಕಾಲದಲ್ಲಿ ಅವರಿಗೆ ದಿನನಿತ್ಯದ ಸಂಗತಿಯಾಗಿದ್ದವು. ಅಂದು ಕೊಲಂಬೋ ಅವರಿಗಾಗಿ ಬೀದಿಗಿಳಿದಿರಲಿಲ್ಲ. ಜುಲೈ 20ರಂದು ಸಂಸತ್ತು ರಾನಿಲ್ ವಿಕ್ರಮಸಿಂಘೆಯವರನ್ನು 134 ಮತಗಳಿಂದ ಅಧ್ಯಕ್ಷರನ್ನಾಗಿ ಆರಿಸಿತು. ಎರಡು ದಿನಗಳಲ್ಲಿ, ಇನ್ನೂ ಬೆಳಕು ಹರಿಯುವ ಮುನ್ನ ಸೈನ್ಯ ಡೇರೆಗಳನ್ನು ಕಿತ್ತೆಸೆಯಿತು. ಆಗಸ್ಟಿನಲ್ಲಿ ವಿದ್ಯಾರ್ಥಿ ನಾಯಕ ವಸಂತ ಮುದಲಿಗೆಯವರನ್ನು ಭಯೋತ್ಪಾದನೆ ತಡೆ ಕಾಯ್ದೆಯಡಿ ಬಂಧಿಸಿಡಲಾಯಿತು. 1979ರ ಈ ಕಾಯ್ದೆ ನಾಲ್ಕು ದಶಕಗಳಿಂದ ತಮಿಳರನ್ನೂ, ಈಸ್ಟರ್ ಬಳಿಕ ಮುಸ್ಲಿಮರನ್ನೂ ಜೈಲಿಗೆ ತಳ್ಳುತ್ತಿದ್ದಾಗ ಬಹುಸಂಖ್ಯಾತರಿಗೆ ಅದು ತಮ್ಮ ಸಮಸ್ಯೆ ಎನಿಸಿರಲಿಲ್ಲ. ನೆರೆಯವನನ್ನು ಹಿಡಿಯಲೆಂದು ಹೆಣೆದ ಬಲೆ ಒಂದು ದಿನ ತಮ್ಮ ಮಕ್ಕಳ ಮೇಲೆಯೇ ಬಿದ್ದಾಗ ಅವರಿಗೆ ಅದರ ಗಂಟುಗಳು ಕಂಡವು.

ನಂತರದ ವರ್ಷಗಳಲ್ಲಿ ಕೆಲವು ಲೆಕ್ಕಗಳು ಚುಕ್ತಾ ಆದುವು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆರ್ಥಿಕ ಕುಸಿತಕ್ಕೆ ರಾಜಪಕ್ಸ ಸಹೋದರರೂ ಹೊಣೆಗಾರರೆಂದು ತೀರ್ಪಿತ್ತಿತು. 2024ರ ಜುಲೈಯಲ್ಲಿ ಬಲವಂತದ ದಹನಕ್ಕಾಗಿ ಸರಕಾರ ಮುಸ್ಲಿಮರ ಕ್ಷಮೆ ಕೇಳಲು ನಿರ್ಧರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹಿಂದಿನ ಸಂಸತ್ತಿನಲ್ಲಿ ಬರೇ ಮೂರು ಸ್ಥಾನ ಹೊಂದಿದ್ದ ಪಕ್ಷದ ಅನುರ ಕುಮಾರ ದಿಸ್ಸನಾಯಕೆ ಮತಪೆಟ್ಟಿಗೆಯ ಮೂಲಕವೇ ಅಧ್ಯಕ್ಷರಾದರು; ನವೆಂಬರಿನಲ್ಲಿ ಅವರ ಪಕ್ಷ 225ರಲ್ಲಿ 159 ಸ್ಥಾನ ಗೆದ್ದಿತು. ಕ್ಷಮೆಯಿಂದ ಸುಟ್ಟ ದೇಹ ಮರಳಿ ಬರುವುದಿಲ್ಲ. ಆದರೂ ತಪ್ಪಾಯಿತೆಂದು ಒಂದು ಸರಕಾರ ತನ್ನ ಅಲ್ಪಸಂಖ್ಯಾತರ ಮುಂದೆ ಹೇಳುವುದು ನಮ್ಮ ಉಪಖಂಡದಲ್ಲಿ ಅಪರೂಪದ ಸಂಗತಿ.

ಈ ವರ್ಷದಿಂದ ನಾವು ಕಲಿಯಬೇಕಾದುದೇನು? ಮೊದಲನೆಯದು ಬಹುಸಂಖ್ಯಾತ ಸಮಾಜಕ್ಕೆ. ಯಾರಾದರೂ ನೆರೆಮನೆಯವನ ಉಡುಪು, ಊಟ, ಪ್ರಾರ್ಥನೆಯ ಬಗ್ಗೆ ನಿಮ್ಮಲ್ಲಿ ಭಯ ಹುಟ್ಟಿಸತೊಡಗಿದರೆ, ಆ ಕ್ಷಣವೇ ಅಕ್ಕಿ, ಗೊಬ್ಬರ, ಗ್ಯಾಸು ಮತ್ತು ಸಾಲದ ಲೆಕ್ಕ ಕೇಳಿ. ಆ ಲೆಕ್ಕ ಕೊಡಲಾರದವರೇ ಹೆಚ್ಚಾಗಿ ಈ ಭಯವನ್ನು ಮಾರುತ್ತಾರೆ. ಎರಡನೆಯದು ನಮಗೆ. ದಫನದ ಹಕ್ಕಿಗಾಗಿ ಹೋರಾಡಿದ ಶ್ರೀಲಂಕಾದ ಮುಸ್ಲಿಮರು ಗ್ಯಾಸು, ಪೆಟ್ರೋಲಿನ ಪ್ರಶ್ನೆ ಬಂದಾಗ ಮನೆಯೊಳಗೆ ಕೂರಲಿಲ್ಲ. ನಿನ್ನೆ ತಮಗಾಗಿ ಬಾರದವರ ಜೊತೆಗೂ ಹೋಗಿ ನಿಂತರು, ಉಪವಾಸವಿದ್ದು ನಿಂತರು. ನಮ್ಮ ಊರುಗಳಲ್ಲಿ ಬೀಡಿ ಕಾರ್ಮಿಕರ ಕೂಲಿ, ಸರಕಾರಿ ಶಾಲೆಯ ಶಿಕ್ಷಕರ ಕೊರತೆ, ಕುಡಿಯುವ ನೀರು, ರೇಶನ್ ಕಾರ್ಡುಗಳ ಸಮಸ್ಯೆಗಾಗಿ ನಡೆಯುವ ಧರಣಿಗಳಲ್ಲಿ ನಾವು ಎಷ್ಟು ಮಂದಿ ಕಾಣಿಸಿಕೊಳ್ಳುತ್ತೇವೆ? ನಮ್ಮ ಹೆಸರಿರುವ ಸಮಸ್ಯೆಗೆ ಮಾತ್ರ ಬೀದಿಗಿಳಿಯುವ ಸಮುದಾಯದ ಬೇಡಿಕೆ, ಎಷ್ಟೇ ನ್ಯಾಯವಾದುದಿದ್ದರೂ ಇತರರಿಗೆ ದೂರದ್ದೆನಿಸುತ್ತದೆ.

ಮೂರನೆಯದು ಆಟದ ಬಗ್ಗೆ. 1996ರ ವಿಶ್ವಕಪ್‌ಗೆ ಮುನ್ನ ಕೊಲಂಬೋದಲ್ಲಿ ಬಾಂಬ್ ಸ್ಫೋಟಿಸಿ, ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ಅಲ್ಲಿಗೆ ಬರಲು ಒಪ್ಪದಿದ್ದಾಗ, ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ, ಅಝರುದ್ದೀನ್ ನಾಯಕತ್ವದಲ್ಲಿ ಕೊಲಂಬೋಗೆ ಹೋಗಿ ಆಡಿದರು. ಸಚಿನ್ ತೆಂಡುಲ್ಕರ್ ಮತ್ತು ವಸೀಮ್ ಅಕ್ರಂ ಅಂದು ಒಂದೇ ತಂಡದವರು. ಸಂಕಟದಲ್ಲಿದ್ದ ನೆರೆಯ ದೇಶಕ್ಕೆ ಧೈರ್ಯ ಹೇಳುವುದು ಅಂದು ದೇಶದ್ರೋಹವಾಗಿರಲಿಲ್ಲ. ಇಂದು ಕೈ ಕುಲುಕಿದರೂ ಲೆಕ್ಕ ಕೇಳುವವರಿದ್ದಾರೆ. ಪಂದ್ಯದ ದಿನ ನಮ್ಮ ಮಕ್ಕಳು ಯಾವ ತಂಡಕ್ಕೆ ಚಪ್ಪಾಳೆ ತಟ್ಟುತ್ತಾರೆಂದು ಇಣುಕುವವರಿಗೆ ನಾವು ಉತ್ತರ ಕೊಡಬೇಕಾಗಿಲ್ಲ. ಆದರೆ ಪಂದ್ಯ ಮುಗಿದ ಮೇಲೆ ಪತ್ರಿಕೆಯ ಕೊನೆಯ ಪುಟದಿಂದ ಮೊದಲ ಪುಟಕ್ಕೆ ತಿರುಗುವ ಅಭ್ಯಾಸವನ್ನು ಆ ಮಕ್ಕಳಿಗೆ ನಾವೇ ಕಲಿಸಬೇಕು. ಗೆದ್ದ ತಂಡಕ್ಕೆ ಸಂಭ್ರಮಿಸಿದ ಶ್ರೀಲಂಕಾದ ಜನ ಅಧ್ಯಕ್ಷರ ಲೆಕ್ಕವನ್ನು ಮರೆಯಲಿಲ್ಲ. ನಾವು ನಮ್ಮವರ ಲೆಕ್ಕವನ್ನು ಕೇಳುತ್ತಿದ್ದೇವೆಯೇ?